ನೊರೆಯ ಸಾಕ್ಷಿ

ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ನೀರಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲಷ್ಟೇ ಬದುಕಿತ್ತು. ಕ್ಯಾನ್ಸರಿನ ವಿರುದ್ಧ ಮೈಯೊಳಗಿನ ಕಾವಲುಪಡೆಯನ್ನೇ ಎಬ್ಬಿಸಿ ಛೂ ಬಿಡುವ ಔಷಧಗಳನ್ನು, ಅದೂ ಒಂದಲ್ಲ, ಎರಡೆರಡನ್ನು ಜೋಡಿಮಾಡಿ ಕೊಡುವ ಚಿಕಿತ್ಸೆಯನ್ನು ರೂಪಿಸುತ್ತಿದ್ದ ಕಂಪನಿ ಅದು. ಮೂರು ಮಹಡಿಗಳ ತುಂಬ ತಲೆ ಇದ್ದವರೇ. ಇಲಿಗಳಿಗೆ ಗಡ್ಡೆ ಬರಿಸುವವನೊಬ್ಬ, ಆ ಗಡ್ಡೆಯನ್ನು ಅಳೆಯುವವಳೊಬ್ಬಳು, ಅಳೆದದ್ದನ್ನು ನಂಬದೆ ಮತ್ತೆ ಅಳೆಸುವವರು ಇನ್ನೊಂದಷ್ಟು ಜನ. ಅವರೆಲ್ಲ ಸೇರಿ ಔಷಧ ಮಾಡುತ್ತಿದ್ದರೆ ನೀರಮ್ಮ ಒಬ್ಬಳು ಔಷಧವಲ್ಲದ್ದನ್ನು ಮಾಡುತ್ತಿದ್ದಳು.

ಇದರಲ್ಲಿ ಕಳ್ಳತನವೇನೂ ಇಲ್ಲ. ಹೊಸ ಔಷಧ ನಿಜವಾಗಿ ಕೆಲಸ ಮಾಡುತ್ತದೆಯೋ, ಇಲ್ಲ ಜನರ ಆಸೆಯೇ ಕೆಲಸ ಮಾಡುತ್ತದೆಯೋ ಎಂದು ತಿಳಿಯಬೇಕಾದರೆ ಬೇರೆ ದಾರಿಯಿಲ್ಲ. ಪ್ರಯೋಗಕ್ಕೆ ಸೇರಿದ ರೋಗಿಗಳಿಗೆಲ್ಲ ಹಳೆಯ ಔಷಧವೊಂದನ್ನು ಕೊಡುತ್ತಾರೆ. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಔಷಧ, ಉಳಿದ ಅರ್ಧಕ್ಕೆ ಅದರಂತೆಯೇ ಕಾಣುವ ಹುಸಿಮದ್ದು. ಯಾರಿಗೆ ಯಾವುದು ಬಿತ್ತೆಂದು ರೋಗಿಗೂ ಗೊತ್ತಿರಬಾರದು, ಡಾಕ್ಟರಿಗೂ ಗೊತ್ತಿರಬಾರದು. ಆ ಹುಸಿಮದ್ದು ನೀರಮ್ಮನ ಕೈಯದು. ಉಪ್ಪು, ಸಕ್ಕರೆ, ಒಂದಿಷ್ಟು ಬಣ್ಣ ಸೇರಿಸಿದ ಶುದ್ಧ ನೀರು. ಹೊಸ ಔಷಧಕ್ಕೆ ಹಳೆಯ ಕಾಗದದಷ್ಟು ಹಳದಿ ಛಾಯೆ ಇತ್ತು. ಅವಳ ನೀರಿಗೂ ಅಷ್ಟೇ ಹಳದಿ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಎಂದು ಅವಳೇ ನಗುತ್ತಿದ್ದಳು.

ನಗುತ್ತಿದ್ದಳು ನಿಜ, ಒಳಗೆ ಹೆಮ್ಮೆಯೂ ಇತ್ತು. ಹೆಮ್ಮೆ ಪಡುವಂಥ ಕೆಲಸವೇ. ಬಿಡುವಿದ್ದಾಗ ಕಂಪನಿಯ ಹುಡುಗರು ಎರಡು ಬಾಟಲಿಗಳನ್ನು ಅವಳ ಮುಂದಿಟ್ಟು ಯಾವುದು ನಿಜ, ಯಾವುದು ಹುಸಿ ಹೇಳಿ ಎಂದು ಪಂಥ ಕಟ್ಟುತ್ತಿದ್ದರು. ಬಣ್ಣ ನೋಡಿ ಹೇಳಲು ಅವಳಿಗೂ ಆಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಹೊಂದಿಸಿದ್ದಳು. ಆದರೆ ಬಾಟಲಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಮೆಲ್ಲಗೆ ಅಲುಗಿಸಿದರೆ ಸಾಕು, ಗೊತ್ತಾಗಿಬಿಡುತ್ತಿತ್ತು. ನಿಜವಾದ ಔಷಧದಲ್ಲಿ ಎದ್ದ ನೊರೆ, ಹಾಲಿನ ಪಾತ್ರೆಯ ಅಂಚಿಗೆ ಕೆನೆ ಹಿಡಿದ ಹಾಗೆ, ಗಾಜಿನ ಅಂಚಿಗೆ ಅಂಟಿಕೊಂಡು ಕೂರುತ್ತಿತ್ತು. ಅವಳ ನೀರಿನಲ್ಲಿ ನೊರೆ ಎದ್ದಷ್ಟೇ ಬೇಗ ಒಡೆಯುತ್ತಿತ್ತು. ಈ ವ್ಯತ್ಯಾಸ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹುಡುಗರು ಸೋತು ಕೈಚೆಲ್ಲಿದಾಗ ಅವಳಿಗೆ ಖುಷಿಯಾಗುತ್ತಿತ್ತು, ಜೊತೆಗೆ ಚಿಂತೆಯೂ ಆಗುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ನಾಳೆ ಒಬ್ಬ ನರ್ಸಿನ ಕಣ್ಣಿಗೆ ಕಾಣುವುದಿಲ್ಲವೇ? ಕಂಡರೆ ಪ್ರಯೋಗವೇ ಹಾಳು. ಅವಳು ಮೇಲಿನವರ ಬಳಿ ಹೋಗಿ ಹೇಳಿದಳು. ನೋಡೋಣ ಎಂದರು. ಮತ್ತೆ ಹೋದಳು. ನೋಡ್ತಾ ಇದ್ದೀವಿ ಎಂದರು. ಮೂರನೆಯ ಸಲ ಹೋದಾಗ ಅವರಿಗೆ ರೇಗಿತು, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಗಳೆಯೇ ಎಂದರು. ಬೇರೆಯವಳಾಗಿದ್ದರೆ ನನಗ್ಯಾಕೆ ಊರ ಉಸಾಬರಿ ಎಂದು ಸುಮ್ಮನಾಗುತ್ತಿದ್ದಳು. ನೀರಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಎಲ್ಲವನ್ನೂ ಬರೆದು, ಎರಡೂ ಬಾಟಲಿಗಳ ಚಿತ್ರ ತೆಗೆದು ಕಳಿಸಿಕೊಟ್ಟಳು.

ಅಷ್ಟರಲ್ಲಿ ಅಕ್ಕನ ಕಾಯಿಲೆ ಬಂತು, ಅವಳಿಗೆ ನೊರೆ ಮರೆತುಹೋಯಿತು.

ಅಕ್ಕ ರೈಲ್ವೆ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಯಾವ ಗಾಡಿ ಎಷ್ಟನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ದಿನವಿಡೀ ಹೇಳುವ ಕೆಲಸ. ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಅಂಥವಳಿಗೆ ಕೆಮ್ಮು ಹತ್ತಿತು. ನೆಗಡಿ ಎಂದರು, ಧೂಳು ಎಂದರು. ಕೊನೆಗೆ ನೋಡಿದರೆ ಗಡ್ಡೆ ಮೂತ್ರಪಿಂಡದಲ್ಲಿ ಹುಟ್ಟಿ ಸದ್ದಿಲ್ಲದೆ ಶ್ವಾಸಕೋಶಕ್ಕೂ ಹಬ್ಬಿಬಿಟ್ಟಿತ್ತು. ಅಮ್ಮ ತೀರಿಕೊಂಡಾಗ ನೀರಮ್ಮನಿಗೆ ಜಡೆ ಹೆಣೆಯಲು ಇನ್ನೂ ಬರುತ್ತಿರಲಿಲ್ಲ. ಹೆಣೆದು ಶಾಲೆಗೆ ಕಳಿಸಿದ್ದು ಅಕ್ಕ. ಮದುವೆಯಾಗಿ ಬೇರೆ ಮನೆಗೆ ಹೋಗುವಾಗ ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋದವಳು ಅಕ್ಕ. ಈಗಲೂ ಅವಳ ಬಾಯಲ್ಲಿ ನೀರಮ್ಮ ಗುಬ್ಬಿಯೇ. ಇಂಥ ಅಕ್ಕ ಇಲ್ಲವಾಗಬಹುದು ಎಂಬ ಮಾತು ನೀರಮ್ಮನ ತಲೆಗೆ ಹೋಗಲಿಲ್ಲ, ಎದೆಗೆ ಮಾತ್ರ ಹೋಗಿ ಕೂತಿತು.

ಆಸ್ಪತ್ರೆಯ ಡಾಕ್ಟರೇ ಪ್ರಯೋಗದ ಮಾತೆತ್ತಿದರು. ಹಳೆಯ ಔಷಧ ಮೈಯ ಕಾವಲುಪಡೆಗೆ ಬಿದ್ದಿರುವ ಬ್ರೇಕನ್ನು ಬಿಡಿಸುತ್ತದೆ, ಹೊಸದು ಆಕ್ಸಿಲರೇಟರ್ ಒತ್ತುತ್ತದೆ, ಎರಡೂ ಸೇರಿದರೆ ಗಾಡಿ ಓಡಬಹುದು ಎಂದು ವಿವರಿಸಿದರು. ಭಾವ ಡ್ರೈವಿಂಗ್ ಶಾಲೆ ನಡೆಸುವವರು. ಇಷ್ಟು ವರ್ಷದಿಂದ ನಾನು ದಿನಾ ಬೆಳಿಗ್ಗೆ ಎದ್ದು ಹೇಳಿಕೊಡ್ತಿರೋದೂ ಇದನ್ನೇ, ಆದರೆ ನನ್ನನ್ನ ಯಾರೂ ಡಾಕ್ಟರ್ ಅನ್ನಲಿಲ್ಲ ಎಂದರು. ಅಕ್ಕ ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು. ಕಾಗದದ ಮೇಲೆ ತಂಗಿಯ ಕಂಪನಿಯ ಹೆಸರು ಕಂಡದ್ದೇ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎದುರು ಸಿಕ್ಕವರಿಗೆಲ್ಲ ನಮ್ಮ ಗುಬ್ಬಿ ಮಾಡಿದ ಔಷಧ ತಗೊಳ್ತಿದ್ದೀನಿ ಎಂದು ಹೇಳಿಕೊಂಡು ತಿರುಗಿದಳು. ಗುಬ್ಬಿ ಮಾಡುವುದು ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಅವಳನ್ನು ತಿದ್ದಲಿಲ್ಲ.

ಕೆಲಸಗಾರರು, ಅವರ ಮನೆಯವರು ಪ್ರಯೋಗಕ್ಕೆ ಸೇರುವಂತಿರಲಿಲ್ಲ. ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕ ಕಂಪನಿಯ ಲೆಕ್ಕದಲ್ಲಿ ಮನೆಯವಳಲ್ಲ. ಹಾಗೆಂದು ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ. ನೀರಮ್ಮ ಸುಮ್ಮನಿರದೆ ಮೇಲಿನವರಿಗೆ ಹೋಗಿ ತಿಳಿಸಿದಳು. ಅವರು ಪ್ರಾಮಾಣಿಕತೆಯನ್ನು ಹೊಗಳಿ, ಅಂದೇ ಅವಳನ್ನು ಆ ಕೆಲಸದಿಂದ ತೆಗೆದು ಕೆಳಮಹಡಿಯಲ್ಲಿ ಬೇರೊಂದು ಔಷಧಕ್ಕೆ ಹುಸಿಗುಳಿಗೆ ಮಾಡಲು ಹಾಕಿದರು. ಮೇಲಿನ ಬಾಗಿಲುಗಳು ಅವಳ ಕಾರ್ಡಿಗೆ ತೆರೆಯುವುದನ್ನು ನಿಲ್ಲಿಸಿದವು. ಕಂಪನಿಯಲ್ಲಿ ಇದಕ್ಕೆ ಗೋಡೆ ಎನ್ನುತ್ತಿದ್ದರು: ಗೋಡೆಯ ಈ ಕಡೆಯವರು ಆ ಕಡೆಯವರ ಜೊತೆ ಆ ಔಷಧದ ಮಾತನ್ನೇ ಆಡಬಾರದು. ಊಟದ ಮೇಜಿನಲ್ಲಿ ಹಳೆಯ ಜೊತೆಗಾರರು ಅವಳು ಬಂದು ಕೂತರೆ ಮಾತು ತಿರುಗಿಸಿ ಹವಾಮಾನ ಹಿಡಿಯುತ್ತಿದ್ದರು.

ಮೊದಲ ಸಲ ಅಕ್ಕನಿಗೆ ಔಷಧ ಏರಿಸುವಾಗ ನೀರಮ್ಮ ಬೇಕೆಂದೇ ಹೋಗಲಿಲ್ಲ. ಕಂಡರೆ ತಾನೇ ಕಷ್ಟ ಎಂದು ದೂರ ಉಳಿದಳು. ಎರಡನೆಯ ಸಲ ಭಾವನ ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ ಇತ್ತು, ಜೊತೆಗೆ ಹೋಗಲು ಇನ್ಯಾರೂ ಇರಲಿಲ್ಲ. ಉದ್ದನೆಯ ಕೋಣೆ, ಸಾಲಾಗಿ ಒರಗು ಕುರ್ಚಿಗಳು, ಒಂದೊಂದು ಕುರ್ಚಿಗೂ ಒಂದೊಂದು ಕಂಬ, ಕಂಬದಲ್ಲಿ ನೇತಾಡುವ ಚೀಲ. ಹೊಸದರ ಚೀಲಕ್ಕೆ ನರ್ಸ್ ಕಂದು ಬಣ್ಣದ ಮುಸುಕು ಹಾಕಿದ್ದಳು, ಯಾರಿಗೂ ಏನೂ ಕಾಣದಿರಲೆಂದು. ಚೀಲದ ಕೆಳಗೆ ಕೊಳವೆಯ ನಡುವೆ ಹನಿ ಬೀಳುವುದನ್ನು ನೋಡಲು ಒಂದು ಪುಟ್ಟ ಪಾರದರ್ಶಕ ಬುರುಡೆ ಇರುತ್ತದಲ್ಲ, ಅದಕ್ಕೆ ಮಾತ್ರ ಮುಸುಕು ಹಾಕುವಂತಿಲ್ಲ. ಹನಿ ಬೀಳುತ್ತಿದೆಯೋ ಇಲ್ಲವೋ ನರ್ಸಿಗೆ ಕಾಣಬೇಕು.

ನೀರಮ್ಮ ಕಿಟಕಿ ನೋಡಿದಳು, ನೆಲ ನೋಡಿದಳು, ಅಕ್ಕನ ಕಾಲುಚೀಲ ನೋಡಿದಳು. ಎಷ್ಟು ಹೊತ್ತು ಅಂತ ನೋಡಿಯಾಳು? ಕಣ್ಣು ಬುರುಡೆಯ ಮೇಲೆ ಹೋಯಿತು. ಹನಿ ಬಿತ್ತು. ಗುಳ್ಳೆ ಎದ್ದಿತು. ಎದ್ದ ಗುಳ್ಳೆ ಒಡೆಯಿತು. ಇನ್ನೊಂದು ಹನಿ, ಇನ್ನೊಂದು ಗುಳ್ಳೆ, ಅದೂ ಒಡೆಯಿತು. ಅಂಚಿನಲ್ಲಿ ನೊರೆಯ ಗೆರೆ ಕೂರಲೇ ಇಲ್ಲ. ಇದು ನನ್ನ ನೀರು. ನಾನೇ ಕೂತು ಹೊಂದಿಸಿದ ನೀರು ನನ್ನ ಅಕ್ಕನ ನರಕ್ಕೆ ಹನಿಹನಿಯಾಗಿ ಹೋಗುತ್ತಿದೆ.

ಮುಖ ಯಾಕೆ ಹಾಗಾಯಿತು ಎಂದು ಅಕ್ಕ ಕೇಳಿದಳು. ಹಸಿವು ಎಂದಳು ನೀರಮ್ಮ. ಅಕ್ಕ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟಳು. ಕಾಯಿಲೆಯವಳು ಕೊಟ್ಟ ಬಿಸ್ಕತ್ತನ್ನು ಗಟ್ಟಿಮುಟ್ಟಾಗಿದ್ದವಳು ತಿಂದಳು.

ಬಾಯಿಗೆ ಬೀಗ ಹಾಕಿಕೊಂಡಳು. ನಿಯಮ ಅವಳಿಗೆ ಗೊತ್ತಿತ್ತು, ನಿಯಮದ ಹಿಂದಿನ ನ್ಯಾಯವೂ ಗೊತ್ತಿತ್ತು. ಒಬ್ಬಳು ತನ್ನ ಅಕ್ಕನಿಗೆ ಹೇಳಿದರೆ ಇನ್ನೊಬ್ಬನು ತನ್ನ ತಮ್ಮನಿಗೆ ಹೇಳುತ್ತಾನೆ, ಕೊನೆಗೆ ಯಾವ ಔಷಧದ ಸತ್ಯವೂ ಯಾರಿಗೂ ತಿಳಿಯುವುದಿಲ್ಲ. ಆದರೆ ನ್ಯಾಯ ದೂರದಲ್ಲಿತ್ತು, ಅಕ್ಕ ಹತ್ತಿರದಲ್ಲಿದ್ದಳು. ಅಕ್ಕ ಆಗಾಗ ಕೆಮ್ಮು ಕಮ್ಮಿಯಾಗಿದೆ ಕಣೇ ಎನ್ನುತ್ತಿದ್ದಳು. ಒಂದು ಇಡೀ ಘೋಷಣೆಯನ್ನು, ಗಾಡಿಯ ಸಂಖ್ಯೆಯಿಂದ ಹಿಡಿದು ಅಡಚಣೆಗಾಗಿ ವಿಷಾದಿಸುತ್ತೇವೆ ಎಂಬಲ್ಲಿಯವರೆಗೆ, ಒಂದೇ ಉಸಿರಿನಲ್ಲಿ ಹೇಳಿ ತೋರಿಸಿದಳು. ಭಾವ ಚಪ್ಪಾಳೆ ತಟ್ಟಿದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ಪಾಪ, ನೀರು ಕುಡಿದು ಹಾಲು ಕುಡಿದೆ ಅಂದುಕೊಂಡಿದ್ದಾಳೆ ಎಂದು ನೀರಮ್ಮ ಮರುಗಿದಳು. ಅಕ್ಕನ ತೋಳುಗಳಲ್ಲಿ ತುರಿಕೆ ಎದ್ದಿತು. ಕಾವಲುಪಡೆ ಎದ್ದಾಗ ಹಾಗಾಗುವುದುಂಟು. ಹಳೆಯ ಔಷಧ ಒಂದರಿಂದಲೂ ತುರಿಕೆ ಬರುತ್ತದೆ ಎಂದು ನೀರಮ್ಮ ಅದನ್ನೂ ಬದಿಗೆ ಸರಿಸಿದಳು. ಒಮ್ಮೆ ಕಣ್ಣಾರೆ ಕಂಡ ಮೇಲೆ ಬೇರೆ ಯಾವ ಸಾಕ್ಷಿಯೂ ಅವಳಿಗೆ ಬೇಕಿರಲಿಲ್ಲ.

ಸ್ಕ್ಯಾನ್ ಆಯಿತು. ಗಡ್ಡೆ ಬೆಳೆದಿಲ್ಲ, ಕುಗ್ಗಿಯೂ ಇಲ್ಲ, ಇದ್ದ ಹಾಗೇ ಇದೆ ಎಂದರು ಡಾಕ್ಟರು. ಈ ಚಿಕಿತ್ಸೆ ನಿಧಾನ, ಕಾಯಬೇಕು ಎಂದೂ ಹೇಳಿದರು. ಅದೇ ಹೊತ್ತಿಗೆ ಭಾವನ ಕಿವಿಗೆ ಇನ್ನೊಂದು ಸುದ್ದಿ ಬಿದ್ದಿತ್ತು: ಬೇರೊಂದು ಆಸ್ಪತ್ರೆಯಲ್ಲಿ ಬೇರೊಂದು ಕಂಪನಿಯ ಪ್ರಯೋಗ, ಅಲ್ಲಿ ಹುಸಿಮದ್ದೇ ಇಲ್ಲ, ಸೇರಿದವರಿಗೆಲ್ಲ ನಿಜವಾದದ್ದೇ. ಆದರೆ ಇದನ್ನು ಬಿಟ್ಟು ಅಲ್ಲಿಗೆ ಹೋಗಬೇಕು, ಅದೂ ಬೇಗ. ಜನ ತುಂಬಿದರೆ ಬಾಗಿಲು ಹಾಕುತ್ತಾರೆ.

ಆಸ್ಪತ್ರೆಯಿಂದ ಮೂವರೂ ಭಾವನ ಕಲಿಕೆಯ ಕಾರಿನಲ್ಲಿ ವಾಪಸಾಗುತ್ತಿದ್ದರು. ಕಲಿಸುವವರು ಕೂರುವ ಸೀಟಿನ ಕೆಳಗೆ ಇನ್ನೊಂದು ಬ್ರೇಕ್ ಇರುವ ಕಾರು ಅದು. ಭಾವ ಓಡಿಸುತ್ತಿದ್ದರು, ನೀರಮ್ಮ ಆ ಬ್ರೇಕಿನ ಸೀಟಿನಲ್ಲಿದ್ದಳು, ಅಕ್ಕ ಹಿಂದೆ ಕಣ್ಣುಮುಚ್ಚಿ ಮಲಗಿದ್ದಳು. ಆ ಪೆಡಲ್ ಮೇಲೆ ಕಾಲಿಡಬೇಡ ಎಂದು ಭಾವ ಪ್ರತಿ ಸಲ ಹೇಳುತ್ತಿದ್ದರು. ಅಂದು ಹೇಳಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳ ಕಡೆ ನೋಡದೆ ಕೇಳಿದರು.

"ಅವತ್ತು ನೀನು ಜೊತೆಗೆ ಹೋಗಿದ್ದೆ. ಬಂದ ಮೇಲಿಂದ ನಿನ್ನ ಮುಖ ನೋಡ್ತಾ ಇದ್ದೀನಿ. ನಿನಗೆ ಗೊತ್ತಾಗಿದೆ. ಹೌದೋ ಅಲ್ವೋ ಅಷ್ಟೇ ಹೇಳು."

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ. ಭಾವ ಗಾಡಿ ತೆಗೆಯಲಿಲ್ಲ.

"ನೀರು ಭಾವ," ಎಂದಳು ನೀರಮ್ಮ. "ಅದು ನನ್ನ ನೀರು."

ಭಾವ ಗೇರ್ ಹಾಕಿದರು. ಹಿಂದಿನಿಂದ ಅಕ್ಕನ ದನಿ ಕೇಳಿತು. ಅವಳು ಮಲಗಿರಲೇ ಇಲ್ಲ.

"ಖಚಿತಾನಾ ಗುಬ್ಬಿ?"

"ಅಕ್ಕ, ನಾನು ಮಾಡಿದ್ದು ನನಗೆ ಗೊತ್ತಾಗಲ್ವಾ?"

ಮರುದಿನದಿಂದ ಅಕ್ಕನ ಕೆಮ್ಮು ಮತ್ತೆ ಜೋರಾಯಿತು, ಇಲ್ಲವೇ ಜೋರಾದಂತೆ ಮನೆಯವರಿಗೆಲ್ಲ ಕೇಳಿಸಿತು. ಪ್ರಯೋಗದಿಂದ ಹೊರಬರುತ್ತೇವೆ ಎಂದಾಗ ಡಾಕ್ಟರು ಕಾರಣ ಕೇಳಿದರು. ಓಡಾಟ ಕಷ್ಟವಾಗುತ್ತಿದೆ ಎಂದು ಭಾವ ಸುಳ್ಳು ಹೇಳಿದರು. ದಿನವಿಡೀ ಊರು ಸುತ್ತಿಸುವವರ ಬಾಯಲ್ಲಿ ಆ ಮಾತು ಕೇಳಿ ಡಾಕ್ಟರು ನಂಬಲಿಲ್ಲ, ಇನ್ನೊಂದೆರಡು ಸಲ ನೋಡಿ ಎಂದು ಬೇಡಿಕೊಂಡ ಹಾಗೆಯೇ ಹೇಳಿದರು. ನೀರಮ್ಮ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಈ ಮನುಷ್ಯ ಒಳ್ಳೆಯವರು, ಪಾಪ, ಅವರಿಗೆ ಗೊತ್ತಿಲ್ಲ ಎಂದುಕೊಂಡಳು.

ಹೊಸ ಆಸ್ಪತ್ರೆಯ ಔಷಧ ನಿಜವಾದದ್ದೇ ಆಗಿತ್ತು. ಅದು ನಿಜವಾಗಿಯೇ ಅಕ್ಕನ ಯಕೃತ್ತನ್ನು ಕೆಡಿಸಿತು, ನಾಲಿಗೆಯ ರುಚಿ ಕಿತ್ತುಕೊಂಡಿತು, ಗಡ್ಡೆಯನ್ನು ಮಾತ್ರ ಮುಟ್ಟಲಿಲ್ಲ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಕೆಲವು ತಿಂಗಳಲ್ಲಿ ಅಲ್ಲಿಯವರೂ ಕೈಚೆಲ್ಲಿದರು. ಅಕ್ಕ ಕೆಲಸ ಬಿಟ್ಟಳು. ನಿಲ್ದಾಣದವರು ಅವಳ ದನಿಯನ್ನು ಹಿಂದೆಯೇ ಮುದ್ರಿಸಿಟ್ಟುಕೊಂಡಿದ್ದರು, ಯಂತ್ರ ಅದರಲ್ಲೇ ಘೋಷಣೆ ಮುಂದುವರಿಸಿತು. ನೀರಮ್ಮ ದಿನಾ ಕೆಲಸಕ್ಕೆ ಹೋಗುವುದು ಅದೇ ನಿಲ್ದಾಣದಿಂದ. ಮನೆಯಲ್ಲಿ ಒಂದು ಲೋಟ ನೀರು ಕೇಳಲು ಮೂರು ಸಲ ಉಸಿರೆಳೆದುಕೊಳ್ಳುವ ಅಕ್ಕ ಇಲ್ಲಿ ಗಂಟೆ ಹೊಡೆದ ಹಾಗೆ ಮಾತಾಡುತ್ತಿದ್ದಳು. ನೀರಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಗಾಡಿ ಕಾಯುವುದನ್ನು ರೂಢಿ ಮಾಡಿಕೊಂಡಳು. ಒಮ್ಮೆ ಪ್ಲಾಟ್‌ಫಾರ್ಮ್ ಬದಲಾದದ್ದು ಕೇಳಿಸದೆ ಗಾಡಿಯೂ ತಪ್ಪಿತು.

ಅಷ್ಟಾದರೂ ಅವಳಿಗೆ ಒಂದು ಸಮಾಧಾನವಿತ್ತು. ನನ್ನ ಕೈಲಾದದ್ದು ಮಾಡಿದೆ. ಬರೀ ನೀರು ಏರಿಸಿಕೊಂಡು ಸಾಯುವುದನ್ನು ತಪ್ಪಿಸಿ ಇನ್ನೊಂದು ಅವಕಾಶ ಕೊಡಿಸಿದೆ. ಫಲಿಸದಿದ್ದರೆ ಅದು ಹಣೆಬರಹ. ಅಕ್ಕನೂ ಅದನ್ನೇ ಹೇಳುತ್ತಿದ್ದಳು, ನೋಡಲು ಬಂದವರಿಗೆಲ್ಲ ಗುಬ್ಬಿ ಇಲ್ಲದಿದ್ದರೆ ನಾನು ಮೋಸಹೋಗ್ತಿದ್ದೆ ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಕಂಪನಿಯಲ್ಲಿ ಎಲ್ಲರನ್ನೂ ದೊಡ್ಡ ಹಾಲಿಗೆ ಕರೆದರು. ಪ್ರಯೋಗದ ಫಲಿತಾಂಶ ಬಂದಿತ್ತು. ಎರಡೂ ಔಷಧ ಸಿಕ್ಕವರು ಒಂದೇ ಸಿಕ್ಕವರಿಗಿಂತ ಎಷ್ಟೋ ಹೆಚ್ಚು ಕಾಲ ಬದುಕಿದ್ದರು. ಕೆಲವರ ಗಡ್ಡೆ ಮೊದಮೊದಲು ಇದ್ದ ಹಾಗೇ ಇದ್ದು, ಆಮೇಲೆ ಕರಗಿಯೇ ಹೋಗಿತ್ತು. ಜನ ಅಪ್ಪಿಕೊಂಡರು, ಅತ್ತರು, ಕೇಕು ಕತ್ತರಿಸಿದರು. ಇಷ್ಟು ವರ್ಷ ಇಲಿಗಳ ಮುಖವನ್ನೇ ನೋಡಿಕೊಂಡಿದ್ದವನು ಕುಣಿದುಬಿಟ್ಟ. ಗೋಡೆಯೂ ಅಂದಿಗೆ ಬಿತ್ತು, ಯಾರು ಯಾರ ಜೊತೆ ಏನು ಬೇಕಾದರೂ ಮಾತಾಡಬಹುದಿತ್ತು. ನೀರಮ್ಮ ಕೇಕಿನ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಖುಷಿಯೂ ಆಗುತ್ತಿತ್ತು, ಅಕ್ಕನಿಗೆ ಅದೃಷ್ಟ ಆ ಕಡೆ ವಾಲಬಾರದಿತ್ತೇ ಎಂದು ಹೊಟ್ಟೆಯೂ ಉರಿಯುತ್ತಿತ್ತು.

ಆಗ ಕುಲುಕಪ್ಪ ಅವಳನ್ನು ಹುಡುಕಿಕೊಂಡು ಬಂದ. ಹೊಸ ಔಷಧವನ್ನು ಬಾಟಲಿಯಲ್ಲಿ ಕೆಡದಂತೆ ಹದಮಾಡುವವನು ಅವನು, ದಿನವಿಡೀ ಬಾಟಲಿ ಕುಲುಕುತ್ತಾನೆಂದು ಆ ಹೆಸರು. ಒಳ್ಳೆಯ ಮನಸ್ಸಿನವನು, ಕೃತಜ್ಞತೆ ಹೇಳಲೆಂದೇ ಬಂದಿದ್ದ.

"ಮೇಡಂ, ಇದರಲ್ಲಿ ನಿಮ್ಮ ಪಾಲೂ ಇದೆ. ನೊರೆ ವಿಷಯ ನೀವು ಬರೆದು ಕಳಿಸದೆ ಇದ್ದಿದ್ರೆ ನಾವು ಗಮನಿಸ್ತಾನೇ ಇರಲಿಲ್ಲ. ನಿಮ್ಮ ನೀರನ್ನ ಬದಲಾಯಿಸೋದಕ್ಕಿಂತ ನಮ್ಮ ಔಷಧಾನೇ ತಿದ್ದೋಣ ಅಂತ ತೀರ್ಮಾನ ಮಾಡಿದ್ವಿ. ಒಂದು ಚೂರು ಬೇರೆ ಪದಾರ್ಥ ಸೇರಿಸಿದ್ವಿ, ನೊರೆ ನಿಮ್ಮದರ ಹಾಗೇ ಪಟ್ಟಂತ ಒಡೆಯೋಕೆ ಶುರುವಾಯ್ತು. ನಿಮಗೆ ಹೇಳೋಣ ಅಂದ್ರೆ ನೀವು ಅಷ್ಟರಲ್ಲಿ ಗೋಡೆ ಆ ಕಡೆ ಹೋಗಿಬಿಟ್ಟಿದ್ರಿ."

"ಯಾವಾಗ?" ಎಂದಳು ನೀರಮ್ಮ.

ಅವಳು ಕೆಳಮಹಡಿಗೆ ಇಳಿದ ಹೊತ್ತಿಗೆ ಹೊಸ ಬಾಟಲಿಗಳು ಆಸ್ಪತ್ರೆಗಳಿಗೆ ಹೊರಟಾಗಿತ್ತು ಎಂದ ಕುಲುಕಪ್ಪ. ಆಮೇಲೆ ಸೇರಿದ ರೋಗಿಗಳೆಲ್ಲರಿಗೂ ಅದೇ. ಈಗ ಎರಡು ಬಾಟಲಿ ಮುಂದಿಟ್ಟರೆ ನೀವೂ ಹೇಳಲಾರಿರಿ, ಬೇಕಾದರೆ ಪಂಥ ಎಂದು ನಕ್ಕ. ಅವಳೂ ನಕ್ಕಳು, ನಗದಿದ್ದರೆ ಕೇಳುತ್ತಿದ್ದ. ಕೇಕಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಬಂದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಪ್ರಮಾಣಿಸುವುದೇ ಕಸುಬಾಗಿದ್ದ ಕಂಪನಿಯಲ್ಲಿ ಅವಳೊಬ್ಬಳೇ ಕಣ್ಣನ್ನು ನಂಬಿದ್ದಳು.

ಆ ನೊರೆ ಒಡೆದದ್ದಕ್ಕೆ ಏನೂ ಅರ್ಥವಿರಲಿಲ್ಲ. ನಿಜವಾದದ್ದಾಗಿದ್ದರೂ ಒಡೆಯುತ್ತಿತ್ತು, ನೀರಾಗಿದ್ದರೂ ಒಡೆಯುತ್ತಿತ್ತು. ಅವಳು ಒಂದೊಂದು ಮೆಟ್ಟಿಲಿಳಿಯುವಾಗಲೂ ನೀರೇ ಆಗಿರಲಿ, ನೀರೇ ಆಗಿರಲಿ ಎಂದು ಬೇಡಿಕೊಂಡಳು. ಅಕ್ಕನಿಗೆ ನಿಜವಾದ ಔಷಧ ಸಿಗದೆ ಇದ್ದಿರಲಿ ಎಂದು ಬೇಡಿಕೊಳ್ಳುವ ಗತಿ ಬಂತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಪ್ರಯೋಗ ಮುಗಿದ ಮೇಲೆ ರೋಗಿಗಳು ಬಯಸಿದರೆ ತಮಗೆ ಏನು ಕೊಟ್ಟಿದ್ದರೆಂದು ತಿಳಿಯಬಹುದು. ಹಳೆಯ ಆಸ್ಪತ್ರೆಯಿಂದ ಅಕ್ಕನಿಗೂ ಫೋನ್ ಬಂದಿತ್ತು. ನಮಗೆ ಗೊತ್ತಿರೋದೇ ಅಲ್ವಾ ಎಂದು ಅಕ್ಕ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಭಾವ ಈಚೆಗೆ ಊಟದ ನಡುವೆ ಅನ್ನ ಕಲಸುವುದನ್ನು ನಿಲ್ಲಿಸಿ ಕೂತುಬಿಡುತ್ತಿದ್ದರು. ಅವರಿಗೋಸ್ಕರ ಒಂದು ಸಲ ಹೋಗಿ ಕೇಳಿಬಾ ಎಂದು ಅಕ್ಕನೇ ನೀರಮ್ಮನ ಕೈಗೆ ಸಹಿ ಹಾಕಿದ ಚೀಟಿ ಕೊಟ್ಟಳು.

ಅದೇ ಉದ್ದನೆಯ ಕೋಣೆಯ ಪಕ್ಕದಲ್ಲಿ ನರ್ಸಿನ ಮೇಜು. ನರ್ಸ್ ಅಕ್ಕನನ್ನು ಮರೆತಿರಲಿಲ್ಲ, ಹೇಗಿದ್ದಾರೆ ಅಂಥ ಒಳ್ಳೆ ದನಿಯವರು ಎಂದು ವಿಚಾರಿಸಿದಳು. ಕಂಪ್ಯೂಟರ್ ನೋಡಿದಳು. ನೋಡಿದವಳು ಸ್ವಲ್ಪ ಹೊತ್ತು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಎರಡೂ," ಎಂದಳು. "ಅವರಿಗೆ ಎರಡೂ ಔಷಧ ಹೋಗ್ತಿತ್ತು."

ಈಗ ಮತ್ತೆ ಶುರು ಮಾಡಬಹುದೇ ಎಂದು ನೀರಮ್ಮ ಕೇಳಿದಳು. ನರ್ಸ್ ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು. ಅವರು ಹೊಸ ಆಸ್ಪತ್ರೆಯ ವರದಿಗಳನ್ನೆಲ್ಲ ತರಿಸಿ ನೋಡಿದ್ದರು. ಯಕೃತ್ತು ಈ ಸ್ಥಿತಿಯಲ್ಲಿರುವಾಗ ಆ ಔಷಧ ಕೊಟ್ಟರೆ ಅದೇ ಅವರನ್ನು ಮುಗಿಸುತ್ತದೆ ಎಂದರು. ಯಾಕೆ ಬಿಟ್ಟಿರಿ ಎಂದು ಅವರು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು, ಹೇಳಿ ಅವರ ಕಾಲು ಹಿಡಿಯುತ್ತಿದ್ದಳು. ಕೇಳಲಿಲ್ಲವಾದ್ದರಿಂದ ನಮಸ್ಕಾರ ಮಾಡಿ ಹೊರಟಳು.

ನಿಲ್ದಾಣದಲ್ಲಿ ಅಂದು ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ಅಕ್ಕ ಹೇಳಿದ ಗಾಡಿಗಳನ್ನೆಲ್ಲ ಕೇಳಿದಳು. ತನ್ನ ಗಾಡಿ ಬಂತು, ಹೋಯಿತು. ಎಲ್ಲವನ್ನೂ ಹೇಳಿಬಿಡಬೇಕು ಎಂದು ಒಂದು ಗಾಡಿಗೆ ತೀರ್ಮಾನಿಸಿದಳು, ಇನ್ನೊಂದು ಗಾಡಿಗೆ ಬದಲಾಯಿಸಿದಳು. ಹೇಳಿದರೆ ಯಾರಿಗೆ ಹಗುರ? ತನಗೆ. ಭಾರ ಯಾರಿಗೆ? ಹಾಸಿಗೆಯಲ್ಲಿರುವವಳಿಗೆ. ಇಷ್ಟು ಮಾತ್ರ ಅವಳಿಗೆ ಸ್ಪಷ್ಟವಾಯಿತು, ಆಮೇಲೆ ಬಂದ ಗಾಡಿ ಹತ್ತಿದಳು.

ಅಕ್ಕ ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮುಖ ಹಳದಿಗಟ್ಟಿತ್ತು. ಕೆಳಗೆ ಅಂಗಳದಲ್ಲಿ ಭಾವ ಒಬ್ಬ ಶಿಷ್ಯನಿಗೆ ಗಾಡಿ ಹಿಂದೆ ತೆಗೆಯುವುದನ್ನು ಕಲಿಸುತ್ತಿದ್ದರು. ನಿಲ್ಲಿಸು, ನಿಲ್ಲಿಸು ಎಂಬ ದನಿ ಮೇಲಕ್ಕೆ ಬರುತ್ತಿತ್ತು. ನೀರಮ್ಮ ಚಪ್ಪಲಿ ಬಿಟ್ಟು, ಕೈ ತೊಳೆದು, ಹಾಸಿಗೆಯ ಅಂಚಿನಲ್ಲಿ ಕೂತಳು. ಅಕ್ಕನ ತಲೆಗೂದಲು ಸಿಕ್ಕುಗಟ್ಟಿತ್ತು. ಬಾಚಣಿಗೆ ತೆಗೆದುಕೊಂಡಳು.

"ಕೇಳಿದೆಯಾ?" ಎಂದಳು ಅಕ್ಕ.

"ಹೂಂ."

"ನೀರೇ ತಾನೆ?"

ಬಾಚಣಿಗೆ ಒಂದು ಸಿಕ್ಕಿನಲ್ಲಿ ನಿಂತಿತು. ನೀರಮ್ಮ ಬೆರಳಿನಿಂದ ಮೆಲ್ಲಗೆ ಅದನ್ನು ಬಿಡಿಸಿದಳು, ಅಕ್ಕನಿಗೆ ನೋವಾಗದ ಹಾಗೆ. ಅಷ್ಟು ವರ್ಷಗಳ ಕಸುಬು ಕೈಬಿಡಲಿಲ್ಲ. ದನಿ ಒಂದು ಎಳೆ ಹೆಚ್ಚಾಗಲಿಲ್ಲ, ಒಂದು ಎಳೆ ಕಮ್ಮಿಯಾಗಲಿಲ್ಲ.

"ನೀರೇ ಅಕ್ಕ."

ಅಕ್ಕ ಕಣ್ಣುಮುಚ್ಚಿ ಉಸಿರು ಬಿಟ್ಟಳು. ಭಾವನಿಗೂ ಹೇಳು, ಪಾಪ, ಒಳಗೊಳಗೇ ಕೊರೀತಿತ್ತು ಅವರಿಗೆ ಎಂದಳು. ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು ಮತ್ತೆ ಮಾತಾಡಿದಳು.

"ಆದರೂ ಒಂದು ಮಾತು ಹೇಳ್ಲಾ ಗುಬ್ಬಿ... ನಿನ್ನ ನೀರು ಚೆನ್ನಾಗಿತ್ತು ಕಣೇ. ಅದನ್ನ ತಗೊಳ್ತಿದ್ದಾಗ ನನಗೆ ಕೆಮ್ಮೇ ಇರಲಿಲ್ಲ."

ನೀರಮ್ಮ ಹೂಂ ಎಂದಳು. ಅಕ್ಕನ ಕೂದಲನ್ನು ಮೂರು ಪಾಲು ಮಾಡಿ ಜಡೆ ಹೆಣೆಯತೊಡಗಿದಳು. ಅರ್ಧಕ್ಕೆ ಬಂದಾಗ ಜಡೆ ಬಿಚ್ಚಿಹೋಯಿತು. ಮತ್ತೆ ಮೊದಲಿನಿಂದ ಹೆಣೆದಳು.